ಅಪ್ಪನ ಬೆರಳಲ್ಲಿದ್ದ ಚಿಕ್ಕಪ್ಪನ ಓಟು

ಚಿಕ್ಕಪ್ಪನ ಬಲಗಿವಿಯ ಮೇಲಂಚು ಇರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಅಷ್ಟು ಭಾಗ ಮಾಯವಾಗಿತ್ತು. ಗಡಿಯಲ್ಲಿದ್ದಾಗ ಹಿಮ ತಿಂದದ್ದು ಅಂತ ಅವರು ಹೇಳುತ್ತಿದ್ದರು. ಹಿಮ ಅಂದರೆ ಮಾಗಿಯಲ್ಲಿ ಬೆಟ್ಟದಪುರದ ಬೆಟ್ಟಕ್ಕೆ ಮುಸುಕುವ ಮಂಜು ಅಂದುಕೊಂಡಿದ್ದ ನಮ್ಮೂರವರು ಅದನ್ನು ನಂಬಲಿಲ್ಲ. “ಮಂಜು ಕಿವಿ ತಿಂತದಾ? ಎಲ್ಲೋ ಕಡಿಸ್ಕಂಡು ಬಂದವ್ನೆ ಬುಡು” ಅಂದರು.

ಊರು ಅವರನ್ನು ನಂಬದಿದ್ದರೆ ಅವರೂ ಊರನ್ನು ನಂಬುತ್ತಿರಲಿಲ್ಲ, ಅಲ್ಲಿಗೆ ಸರಿಗೆ ಸರಿ. ಯಾವ ಚಪ್ಪಲಿಯನ್ನೂ ತಲೆಕೆಳಗು ಮಾಡಿ ಎರಡು ಸಲ ಕುಟ್ಟದೆ ಮೆಟ್ಟಿದವರಲ್ಲ, ಚೇಳು ಇದ್ದರೆ ಅಂತ. ಬಸ್ಸಿನ ಮೇಲೆ ಹುಣಸೂರು ಅಂತ ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನ್ನು ಕೇಳಿ, ಸೀಟಿನಲ್ಲಿ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತಿದ್ದರು. ಹೊಗೆಸೊಪ್ಪಿನ ಹೊರೆ ಕಂಡರೆ ಮೇಲಿನ ಎಲೆ ನೋಡದೆ ಸೀದಾ ಹೊಟ್ಟೆಯೊಳಕ್ಕೆ ಕೈ ತೂರಿಸುತ್ತಿದ್ದರು. “ಪ್ರತ್ಯಕ್ಷ ಕಂಡ್ರೂ ಪರಾಂಬರಿಸಿ ನೋಡ್ಬೇಕು ಕಣವ್ವ” ಅನ್ನುವುದು ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ನಾನು ಅವರ ಅಣ್ಣನ ಮಗಳು. ಈಗ ಹಂಪಾಪುರದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಮೇಡಂ. ಆ ಮನುಷ್ಯನ ಅನುಮಾನವೆಲ್ಲ ನನಗೇ ಬಳುವಳಿಯಾಗಿ ಬಂದಿದೆ ಅಂತ ನನ್ನ ಗಂಡ ಆಡಿಕೊಳ್ಳುತ್ತಾರೆ. ಬಂದದ್ದು ನಿಜ. ಆದರೆ ಅದನ್ನು ನಾನು ಮೊದಲು ಪ್ರಯೋಗಿಸಿದ್ದು ಚಿಕ್ಕಪ್ಪನ ಮೇಲೆಯೇ, ಅದೂ ತಪ್ಪಾಗಿ.

ನಮ್ಮದು ಪಾರ್ಟಿಯ ಮನೆ. ಮಗು ಹುಟ್ಟಿದರೆ ಅದಕ್ಕೆ ಹೆಸರಿಡುವ ಮೊದಲೇ ಪಾರ್ಟಿ ಗೊತ್ತಾಗಿರುತ್ತಿತ್ತು. ತಾತ ಊರ ಮುಖಂಡ, ತಾತ ಹೋದ ಮೇಲೆ ಅಪ್ಪ. ಅರಳಿಕಟ್ಟೆಯ ಎಡಕ್ಕೆ ನಮ್ಮ ಪಾರ್ಟಿಯವರು ಟೀ ಕುಡಿಯುವ ಹೋಟೆಲು, ಬಲಕ್ಕೆ ಎದುರು ಪಾರ್ಟಿಯವರದ್ದು. ಬಾಯಾರಿ ಸತ್ತರೂ ಒಬ್ಬರು ಇನ್ನೊಬ್ಬರ ಹೋಟೆಲಿನಲ್ಲಿ ನೀರು ಮುಟ್ಟುತ್ತಿರಲಿಲ್ಲ. ಮೂರನೆಯದೊಂದು ಪಾರ್ಟಿ ಆಗ ಬೇರೆಲ್ಲ ಕಡೆ ಬಲವಾಗಿ ಬೆಳೆಯುತ್ತಿತ್ತಾದರೂ ನಮ್ಮೂರಿನಲ್ಲಿ ಅದರ ಬಾವುಟ ಕಟ್ಟಲು ಒಂದು ಆಳೂ ಇರಲಿಲ್ಲ.

ಚಿಕ್ಕಪ್ಪ ಸೈನ್ಯದಲ್ಲಿದ್ದಾಗ ಒಂದು ಚುನಾವಣೆಗೆ ಅಲ್ಲಿಂದ ಒಂದು ಫಾರಂ ಕಳಿಸಿದ್ದರು. ಸೈನಿಕ ತನ್ನ ಪರವಾಗಿ ಓಟು ಹಾಕಲು ಊರಿನಲ್ಲಿ ಒಬ್ಬರನ್ನು ನೇಮಿಸಬಹುದಂತೆ. ನೇಮಿಸಿದ್ದು ಅಪ್ಪನನ್ನು. ಓಟಿಗೆ ಎರಡು ದಿನ ಮೊದಲು ಅಂಗಡಿಯ ಫೋನಿಗೆ ಚಿಕ್ಕಪ್ಪನ ಕರೆ ಬಂತು. ನಾನು ಹೈಸ್ಕೂಲಿನ ಹುಡುಗಿ, ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಬಹಳ ಹೊತ್ತು ಊಂಗುಟ್ಟಿ ಕೊನೆಗೆ, “ಆಯ್ತು ಕಣ್ಲಾ, ನೀನೇಳ್ದಂಗೇ ಆಕ್ತೀನಿ. ನಿನ್ ಓಟು ನನ್ ಕೈಲಿದ್ರೆ ನಿನ್ ಕೈಲಿದ್ದಂಗೇ” ಅಂದ.

ಬೇರೆಯವರ ಪರವಾಗಿ ಓಟು ಹಾಕಿದರೆ ಶಾಯಿ ಹಚ್ಚುವುದು ಎಡಗೈಯ ನಡುಬೆರಳಿಗೆ. ಅಪ್ಪ ಆ ದಿನ ತೋರುಬೆರಳಿಗೂ ನಡುಬೆರಳಿಗೂ ಶಾಯಿ ಹಚ್ಚಿಸಿಕೊಂಡು ಬಂದು, ಹೋಟೆಲಿನ ಮುಂದೆ ಕೈ ಎತ್ತಿ ಎಲ್ಲರಿಗೂ ತೋರಿಸಿದ. “ಇದು ನನ್ದು, ಇದು ನನ್ ತಮ್ಮಂದು!” ಊರಿನಲ್ಲಿ ಇನ್ಯಾರಿಗೂ ಇಲ್ಲದ ಭಾಗ್ಯ ಅದು. ನನಗೂ ಹೆಮ್ಮೆಯಾಗಿತ್ತು.

ಎಣಿಕೆ ಮುಗಿದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಹಾಳೆ ಮುಖಂಡರ ಕೈಗೆ ಬರುತ್ತದೆ. ಅಪ್ಪ ನಮ್ಮ ಬೂತಿನ ಹಾಳೆಯನ್ನು ತಂದು ಕ್ಯಾಲೆಂಡರಿನ ಪಕ್ಕ ಮೊಳೆಗೆ ಸಿಕ್ಕಿಸಿದ. ಮುಂದಿನ ರಜೆಗೆ ಚಿಕ್ಕಪ್ಪ ಬಂದಾಗ ಬಾಡೂಟ. ಉಣ್ಣುತ್ತಿದ್ದ ಅಪ್ಪ ಎಡಗೈಯಲ್ಲೇ ಹಾಳೆ ಕಿತ್ತು ತಮ್ಮನ ಮುಂದೆ ಹಿಡಿದ.

“ನೋಡ್ಲಾ, ಆ ಮೂರ್ನೇ ಪಾರ್ಟಿಗೆ ನಮ್ ಬೂತಲ್ಲಿ ಎಷ್ಟು ಬಿದ್ದದೆ? ಸೊನ್ನೆ! ಒಂದೇ ಒಂದಿಲ್ಲ!”

“ಸರ್ಯಾಗ್ ನೋಡಣ್ಣ.”

“ಸರ್ಯಾಗೇ ನೋಡಿವ್ನಿ ಕಣ್ಲಾ. ಸೊನ್ನೆ ಅಂದ್ರೆ ಸೊನ್ನೆ.”

ಚಿಕ್ಕಪ್ಪ ಕೈ ತೊಳೆದು ಬಂದು ಹಾಳೆ ಇಸಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಆ ಸಾಲಿನ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಅದನ್ನು ಮೊಳೆಗೆ ವಾಪಸು ಸಿಕ್ಕಿಸಿ ಹೊರಗೆ ಹೋದರು. ಎಲೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. “ಮಿಲ್ಟ್ರಿ ಚಪಾತಿ ತಿಂದು ತಿಂದು ಒಟ್ಟೆ ಕೆಟ್ಟೈತೆ” ಅಂದ ಅಪ್ಪ. ಮುಂದಿನ ಚುನಾವಣೆಗೆ ಸೈನ್ಯದಿಂದ ಫಾರಂ ಬರಲಿಲ್ಲ. ಅಪ್ಪನ ಒಂದೇ ಬೆರಳಿಗೆ ಶಾಯಿ. ರೂಲ್ಸು ಬದಲಾಗಿರಬೇಕು ಅಂತ ಅಪ್ಪ ಊರಿಗೆಲ್ಲ ಹೇಳಿದ.

ಹದಿನೇಳು ವರ್ಷ ಮುಗಿಸಿ ಚಿಕ್ಕಪ್ಪ ನಿವೃತ್ತರಾಗಿ ಬಂದ ದಿನ ಅಪ್ಪ ಬಸ್‌ಸ್ಟ್ಯಾಂಡಿಗೇ ವಾದ್ಯ ಕರೆಸಿದ್ದ. ಯೋಧ ತಮ್ಮನನ್ನು ಮುಂದಿಟ್ಟುಕೊಂಡು ಪಂಚಾಯ್ತಿ ಗೆಲ್ಲುವ ಲೆಕ್ಕಾಚಾರವೂ ಅದರಲ್ಲಿತ್ತು, ಸುಳ್ಳೇಕೆ. ಹಾರ ಹಾಕಿದ ಮೇಲೆ ನಮ್ಮ ಪಾರ್ಟಿಯ ಶಾಲನ್ನು ಹೆಗಲಿಗೆ ಹೊದಿಸಿದ. ಚಿಕ್ಕಪ್ಪ ಹಾರ ಇಟ್ಟುಕೊಂಡರು. ಶಾಲನ್ನು ತೆಗೆದು, ಸೈನ್ಯದಲ್ಲಿ ಕಂಬಳಿ ಮಡಚುವ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಅಪ್ಪನ ಕೈಗೆ ಕೊಟ್ಟು, “ಇದು ನನ್ದಲ್ಲಣ್ಣ” ಅಂದರು. ವಾದ್ಯ ನಿಂತುಹೋಯಿತು.

ತಿಂಗಳೊಳಗೆ ಅವರು ಮೂರನೇ ಪಾರ್ಟಿ ಸೇರಿದರು. ಅಪ್ಪನ ಕೈಯಿಂದ ಊರ ಮುಖಂಡತ್ವ ಜಾರಿತು. ಮನೆಯೊಳಗಿನ ತಮ್ಮನನ್ನೇ ಇಟ್ಟುಕೊಳ್ಳಲಾಗದವನು ಊರನ್ನು ಹೇಗೆ ಇಟ್ಟುಕೊಂಡಾನು ಅಂತ ಜನ ಕೇಳತೊಡಗಿದರು. ನಡುಮನೆಗೆ ಗೋಡೆ ಎದ್ದಿತು. ಆಚೆ ಚಿಕ್ಕಪ್ಪ ಚಿಕ್ಕಮ್ಮ, ಈಚೆ ನಾವು. ಅಣ್ಣತಮ್ಮಂದಿರ ಮಾತು ನಿಂತಿತು.

ಯಾಕೆ ಹೋದರು? ಊರು ಬೇಗ ಕಾರಣ ಹುಡುಕಿತು. ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಜಮೀನಿಗೆ ಚಿಕ್ಕಪ್ಪ ಅರ್ಜಿ ಹಾಕಿದ್ದರು. “ಜಮೀನ್ಗೆ ಪಾರ್ಟಿ ಮಾರ್ಕಂಡ” ಅಂದರು ಎಡಗಡೆ ಹೋಟೆಲಿನವರು. ಬಲಗಡೆಯವರು, “ಅಣ್ಣತಮ್ಮ ಸೇರ್ಕಂಡು ನಾಟ್ಕ ಕಟ್ಟವ್ರೆ, ಯಾವ್ ಸರ್ಕಾರ ಬಂದ್ರೂ ಮನೇಲಿ ಒಬ್ಬ ಇರ್ಲಿ ಅಂತ” ಅಂದರು. ಚಿಕ್ಕಪ್ಪನಿಗೆ ಟೀ ಕುಡಿಯಲು ಎರಡೂ ಹೋಟೆಲು ಇಲ್ಲದಾಯಿತು. ಮನೆಯಿಂದ ಫ್ಲಾಸ್ಕು ತಂದು ನಟ್ಟನಡುವೆ ಅರಳಿಕಟ್ಟೆಯ ಮೇಲೆ ಕೂತು, ಮುಚ್ಚಳಕ್ಕೆ ಬಗ್ಗಿಸಿಕೊಂಡು ಒಬ್ಬರೇ ಕುಡಿಯುತ್ತಿದ್ದರು.

ಭಾನುವಾರ ಬಂದರೆ ಇಸ್ತ್ರಿ ಪ್ಯಾಂಟು ಹಾಕಿ ಬೈಲಕುಪ್ಪೆಗೆ ಹೊರಡುತ್ತಿದ್ದರು. ಅಲ್ಲಿ ಆ ಪಾರ್ಟಿಯ ಲೀಡರುಗಳನ್ನು ಕಾಣುತ್ತಾರೆ ಅಂತ ಅಪ್ಪನ ಗುಮಾನಿ. ಆಗ ನಾನು ಪಿರಿಯಾಪಟ್ಟಣದಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದೆ. ಒಂದು ಭಾನುವಾರ ಅವರು ಹೋದ ಮೇಲಿನ ಬಸ್ಸು ಹತ್ತಿ ನಾನೂ ಹೋದೆ. ಚಿಕ್ಕಪ್ಪ ಒಂದು ಸ್ವೆಟರ್ ಅಂಗಡಿಯ ಮುಂದೆ, ತಮ್ಮ ಹಾಗೇ ಸೈನ್ಯದಲ್ಲಿದ್ದು ಬಂದ ಟಿಬೆಟಿನ ಮುದುಕನೊಬ್ಬನ ಜೊತೆ ಹಿಂದಿಯಲ್ಲಿ ಹರಟುತ್ತಿದ್ದರು. ಬಾಯಿ ತೆರೆದು ನಗುತ್ತಿದ್ದರು. ಊರಿಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿರಲೇ ಇಲ್ಲ.

ನನ್ನನ್ನು ಕಂಡು, “ನಿಮ್ಮಪ್ಪ ಕಳ್ಸಿದ್ನಾ, ನೀನೇ ಬಂದ್ಯಾ?” ಅಂದರು.

“ನಾನೇ ಬಂದೆ.”

“ಒಳ್ಳೇದಾಯ್ತು. ಪರಾಂಬರಿಸಿ ನೋಡ್ಬೇಕು” ಅಂತ ನನಗೂ ಟೀ ಹೇಳಿದರು.

ಅಷ್ಟಕ್ಕೇ ನಂಬಬೇಕಿತ್ತು. ನಂಬಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿಯೇ ಬಿಟ್ಟೆ. “ಏನು ಕೊಡ್ತೀವಿ ಅಂದ್ರು ಚಿಕ್ಕಪ್ಪ ಅವ್ರು ನಿಮ್ಗೆ? ಜಮೀನಾ?”

ಅವರು ಆ ಮುಕ್ಕಾದ ಕಿವಿಯನ್ನು ನನ್ನ ಕಡೆ ಮಾಡಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತರು. ಒಂದೇ ಮಾತು ಬಂತು. “ನಾನು ಪಾರ್ಟಿ ಬದ್ಲಾಯ್ಸಿಲ್ಲ ಕಣವ್ವ. ಇದ್ದಲ್ಲೇ ಇವ್ನಿ.”

ಎಂಥ ಹಸಿ ಸುಳ್ಳು ಅಂದುಕೊಂಡೆ. ಆವತ್ತಿನಿಂದ ನಾನೂ ಮಾತು ಬಿಟ್ಟೆ. ನನ್ನ ಮದುವೆಗೆ ಅವರು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋಗಿ ಚಿಕ್ಕಮ್ಮನಿಗೆ ಮಾತ್ರ ಕುಂಕುಮ ಕೊಟ್ಟು ಕರೆದೆ. ಆದರೂ ಬಂದರು. ಛತ್ರದ ಹಿಂದಿನ ಬಾಗಿಲಲ್ಲಿ ನಿಂತು ಅಕ್ಷತೆ ಹಾಕಿ, ಊಟ ಮಾಡದೆ ಹೋದರು.

ವರ್ಷಗಳು ಕಳೆದವು. ಅರ್ಜಿ ಹಾಕಿದ ಜಮೀನು ಬರಲೇ ಇಲ್ಲ. ಅವರ ಸರ್ಕಾರ ಬಂದಾಗಲೂ ಬರಲಿಲ್ಲ. ಅಷ್ಟು ಓಡಾಡಿ ಅವರು ನಮ್ಮ ಬೂತಿನಲ್ಲಿ ಪಾರ್ಟಿಗೆ ಸಂಪಾದಿಸಿಕೊಟ್ಟ ಓಟು ಎರಡು. “ಒಂದು ನನ್ದು. ಇನ್ನೊಂದು ನಿಮ್ ಚಿಕ್ಕಪ್ಪಂದು” ಅಂತ ಚಿಕ್ಕಮ್ಮ ನಗುತ್ತಾ ಹೇಳುತ್ತಿದ್ದರು. ಆ ಮೊದಲನೆಯದರ ಮೇಲೂ ಚಿಕ್ಕಪ್ಪನಿಗೆ ಅನುಮಾನವಿತ್ತಂತೆ.

ಆಮೇಲೊಂದು ಚುನಾವಣೆಗೆ ಎಚ್.ಡಿ. ಕೋಟೆಯ ಕಡೆಯ ಒಂದು ಬೂತಿನಲ್ಲಿ ಶಾಯಿ ಹಚ್ಚುವ ಕೆಲಸ ನನಗೆ ಬಿತ್ತು. ಸೈನ್ಯದಲ್ಲಿದ್ದ ಮಗನ ಪರವಾಗಿ ಓಟು ಹಾಕಲು ಒಬ್ಬ ವಯಸ್ಸಾದ ರೈತ ಬಂದ. ನಾನು ನಡುಬೆರಳು ಹಿಡಿದುಕೊಂಡೆ.

“ತಡೀರಿ ಮೇಡಮ್ಮ” ಅಂತ ಅವನು ಜೇಬಿನಿಂದ ಒಂದು ಚೀಟಿ ತೆಗೆದು, ನನಗೆ ಕಾಣದ ಹಾಗೆ ಅಂಗೈಯಲ್ಲಿ ಮುಚ್ಚಿ ಓದಿಕೊಂಡ. “ನನ್ ಮಗ ಯಾರ್ಗೆ ಆಕು ಅಂದವ್ನೋ ಬರ್ಕಂಡಿವ್ನಿ. ನನ್ದು ಬ್ಯಾರೆ, ಅವನ್ದು ಬ್ಯಾರೆ. ಮರ್ತು ನನ್ದೇ ಒತ್ಬುಟ್ರೆ ಪಾಪ ಸುತ್ಕತ್ತದೆ.”

ಶಾಯಿ ಕಡ್ಡಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. ಅಂಗಡಿಯ ಫೋನು ನೆನಪಾಯಿತು. “ನೀನೇಳ್ದಂಗೇ ಆಕ್ತೀನಿ.” ಮೊಳೆಯ ಮೇಲಿನ ಹಾಳೆ ನೆನಪಾಯಿತು. ಸೊನ್ನೆ. ಚಿಕ್ಕಪ್ಪ ಹಾಕು ಅಂದದ್ದು ಮೂರನೇ ಪಾರ್ಟಿಗೇ ಆಗಿದ್ದರೆ ಅಲ್ಲಿ ಕೊನೆಯ ಪಕ್ಷ ಒಂದು ಇರಬೇಕಿತ್ತು. ಅಪ್ಪ ತಮ್ಮನ ಓಟನ್ನೂ ನಮ್ಮ ಪಾರ್ಟಿಗೇ ಒತ್ತಿ, ಅದರ ಸಾಕ್ಷಿಯನ್ನು ತಾನೇ ಊಟದ ಮುಂದೆ ಹಿಡಿದು ಮೆರೆದಿದ್ದ.

ಊರಿಗೆ ಹೋದಾಗ ಅಪ್ಪ ಜಗಲಿಯಲ್ಲಿ ಹೊಗೆಸೊಪ್ಪು ವಿಂಗಡಿಸುತ್ತಿದ್ದ. ಕೇಳಿದೆ.

“ಒಂದ್ಮನೆ ಓಟು ಎರ್ಡ್ ಕಡೆ ಓಯ್ತದಾ? ಯಜಮಾನ ನಾನಲ್ವಾ?” ಅಂದ. ಎಲೆ ಕೆಳಗಿಟ್ಟು ದನಿ ಇಳಿಸಿ, “ಅವ್ನೇನಾರಾ ಅಂದ್ನಾ?” ಅಂತ ಕೇಳಿದ.

“ಇಲ್ಲ.”

“ಅನ್ನಾಕಿಲ್ಲ ಅವ್ನು” ಅಂದು ತಲೆ ತಗ್ಗಿಸಿದ.

ಗೋಡೆಯ ಆಚೆ ಚಿಕ್ಕಪ್ಪ ಮಲಗಿದ್ದರು. ಶ್ವಾಸಕೋಶ ಸೋತಿತ್ತು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, “ತಪ್ಪಾಯ್ತು ಚಿಕ್ಕಪ್ಪ” ಅಂದೆ. ಅಷ್ಟರಲ್ಲೂ ಕಣ್ಣು ಕಿರಿದು ಮಾಡಿ, “ಯಾರೇಳಿದ್ರು?” ಅಂದರು.

“ಯಾರೂ ಹೇಳ್ಲಿಲ್ಲ. ಆ ಸೊನ್ನೆ ನೆನಪಾಯ್ತು.”

ಉಸಿರು ಎಳೆದುಕೊಂಡು ನಿಧಾನಕ್ಕೆ ಮಾತಾಡಿದರು. “ಪಾರ್ಟಿ ಬುಟ್ಟೋನು ಅಂತದೆ ಊರು ನನ್ನ, ಅನ್ಲಿ. ಅಣ್ಣನ್ನ ತಮ್ಮನ್ ಓಟು ಕದ್ದೋನು ಅನ್ಬಾರ್ದು. ಅವ್ನು ತಲೆಯೆತ್ಕಂಡು ತಿರ್ಗಾಡ್ದೋನು. ನೀನೂ ಬಾಯ್ಮುಚ್ಕಂಡಿರವ್ವ.”

ಅಪ್ಪನೂ ಹೋಗುವವರೆಗೆ ಮುಚ್ಚಿಕೊಂಡೇ ಇದ್ದೆ. ಅಷ್ಟು ವರ್ಷ ಊರಿನ ಬಾಯಿಗೆ ಸಿಕ್ಕಿ, ನನ್ನಂಥವಳ ಬಾಯಿಗೂ ಸಿಕ್ಕಿ, ಒಂದು ಮಾತಿನಿಂದ ತಪ್ಪಿಸಿಕೊಳ್ಳಬಹುದಾಗಿದ್ದ ಮನುಷ್ಯ ಆ ಒಂದು ಮಾತನ್ನು ಆಡಲಿಲ್ಲ. ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಆ ಮಾಗಿಯಲ್ಲೇ ಚಿಕ್ಕಪ್ಪ ತೀರಿಕೊಂಡರು. ಅಪ್ಪ ಗೋಡೆಯ ಆಚೆಗೆ ಬಂದದ್ದು ಅವತ್ತೇ. ಹೆಣ ಎತ್ತುವ ಮುಂಚೆ ಬಾಗಿಲಲ್ಲಿದ್ದ ತಮ್ಮನ ಚಪ್ಪಲಿಗಳನ್ನು ತೆಗೆದು, ತಲೆಕೆಳಗು ಮಾಡಿ ಎರಡು ಸಲ ಕುಟ್ಟಿ, ಒರೆಸಿ ಪಕ್ಕಕ್ಕಿಟ್ಟ.

ಮತ್ತೆ ಚುನಾವಣೆ ಬಂತು, ಫಲಿತಾಂಶವೂ ಬಂತು. ನಾನು ಊರಿಗೆ ಹೋದಾಗ ಅಪ್ಪ ಬೂತಿನ ಹಾಳೆಯನ್ನು ಯಾರ ಕೈಯಲ್ಲೋ ಪ್ರಿಂಟು ಹಾಕಿಸಿಕೊಂಡು ಅದೇ ಹಳೆಯ ಮೊಳೆಗೆ ಸಿಕ್ಕಿಸಿದ್ದ. ಚಿಕ್ಕಮ್ಮನೂ ಅಲ್ಲೇ ಕೂತಿದ್ದರು. ಚಿಕ್ಕಪ್ಪ ಹೋದ ಮೇಲೆ ಮೂರನೇ ಪಾರ್ಟಿಯ ಎದುರಿಗೆ ಒಂದು ಅಂತಿರಬೇಕಿತ್ತು. ಎರಡು ಅಂತಿತ್ತು.

ನಾನು ಚಿಕ್ಕಮ್ಮನ ಮುಖ ನೋಡಿದೆ. “ನಾನೊಂದೇ ಆಕಿದ್ದು ಕಣವ್ವ” ಅಂದರು. ಅಪ್ಪನ ಕಡೆ ತಿರುಗಿದೆ. ಅಪ್ಪ ಎಡಗೈಯನ್ನು ಟವೆಲಿನ ಕೆಳಗಿಟ್ಟುಕೊಂಡು ಅಂಗಳ ನೋಡುತ್ತಿದ್ದ.

“ಸರ್ಯಾಗ್ ನೋಡು” ಅಂದ, ತಿರುಗದೆಯೇ.

ಚಿಕ್ಕಪ್ಪ ಇದ್ದಿದ್ದರೆ ಅಷ್ಟಕ್ಕೆ ನಂಬುತ್ತಿರಲಿಲ್ಲ. ಅವರ ಪರವಾಗಿ ನಾನು ಹಾಳೆಯನ್ನು ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು, ಆ ಸಾಲಿನ ಮೇಲೆ ಬೆರಳಾಡಿಸಿ ಇನ್ನೊಮ್ಮೆ ನೋಡಿದೆ. ಎರಡೇ ಇತ್ತು.