ಗಾಳಿ ತಡೆದ ಪ್ಯಾಂಟು, ಮುಟ್ಟದ ನೀರಿನ ಬಾಟಲಿ

ಕೋವಿಡ್ ನಿರ್ಬಂಧಗಳೆಲ್ಲ ಮುಗಿದು ಜನ ಮತ್ತೆ ಬೆಟ್ಟ ಹತ್ತತೊಡಗಿದ್ದ ಎರಡನೆಯ ಚಳಿಗಾಲ. ಆಗ ನಾನು ಹೊರಾಂಗಣ ಉಡುಪು ತಯಾರಿಸುವ ಒಂದು ಕಂಪನಿಯಲ್ಲಿ ಗಾರ್ಮೆಂಟ್ ಟೆಕ್ನಾಲಜಿಸ್ಟ್ ಆಗಿದ್ದೆ. ಮುಖ್ಯ ಕಚೇರಿ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನಲ್ಲಿ, ನಾನಿದ್ದ ಪರೀಕ್ಷಾ ವಿಭಾಗ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಇಷ್ಟೇ: ಬಟ್ಟೆ ವಿನ್ಯಾಸ ಮಾಡಿದವರು ಹೇಳಿದ್ದನ್ನು ನಂಬದಿರುವುದು. ದಾವಣಗೆರೆಯಲ್ಲಿ ಜವಳಿ ಎಂಜಿನಿಯರಿಂಗ್ ಓದಿದವಳು ನಾನು. ಯಾವ ಬಟ್ಟೆ ಕಂಡರೂ ಮೊದಲು ಬೆರಳಿನಲ್ಲಿ ಉಜ್ಜಿ ನೋಡುವ ಚಾಳಿ ಅಲ್ಲಿಂದ ಅಂಟಿದ್ದು, ನಿವೃತ್ತಿಯಾದರೂ ಬಿಟ್ಟಿಲ್ಲ.

ಆಸ್ಟ್ರೇಲಿಯಾದಲ್ಲಿ ಹಿಮವೇ ಎಂದು ಊರಿನವರು ಇವತ್ತಿಗೂ ನನ್ನನ್ನು ಕೇಳುತ್ತಾರೆ. ಇದೆ. ಇಲ್ಲಿ ಜುಲೈ ಎಂದರೆ ನಡುಚಳಿಗಾಲ. ಮೆಲ್ಬರ್ನ್‌ನಿಂದ ಅರ್ಧ ದಿನ ಕಾರು ಓಡಿಸಿದರೆ ಎತ್ತರದ ಬಯಲುಗಳು ಸಿಗುತ್ತವೆ. ಅಲ್ಲಿ ಜನ ಉದ್ದನೆಯ ತೆಳು ಸ್ಕೀಗಳನ್ನು ಕಾಲಿಗೆ ಕಟ್ಟಿಕೊಂಡು ಮೈಲಿಗಟ್ಟಲೆ ನಡೆಯುವಂತೆ ಜಾರುತ್ತಾರೆ. ಕ್ರಾಸ್-ಕಂಟ್ರಿ ಸ್ಕೀಯಿಂಗ್ ಎಂದರೆ ಅದೇ. ಮೇಲಿಂದ ಕೆಳಕ್ಕೆ ಧುಮುಕುವ ಸ್ಕೀಯಿಂಗ್ ಬೇರೆ. ಇದರಲ್ಲಿ ಮೈ ದುಡಿಯುತ್ತದೆ, ಬೆವರುತ್ತದೆ. ನಿಂತರೆ ಅದೇ ಬೆವರು ತಣ್ಣಗಾಗಿ ಮೂಳೆಗೆ ಇಳಿಯುತ್ತದೆ. ಹಾಗಾಗಿ ಪ್ಯಾಂಟು ಹೊರಗಿನ ಗಾಳಿಯನ್ನು ಒಳಗೆ ಬಿಡಬಾರದು, ಒಳಗಿನ ಆವಿಯನ್ನು ಹೊರಗೆ ಬಿಡಬೇಕು. ಎರಡನ್ನೂ ಪೂರ್ತಿ ಮಾಡುವ ಬಟ್ಟೆಯನ್ನು ನಾನು ಇನ್ನೂ ನೋಡಿಲ್ಲ. ಸಿಕ್ಕಿದೆ ಎಂದು ಹೇಳುವ ಸೇಲ್ಸ್‌ನವರನ್ನು ಬೇಕಾದಷ್ಟು ನೋಡಿದ್ದೇನೆ.

ಆ ವರ್ಷ ನಮ್ಮ ಮುಂದೆ ಎರಡು ಮಾದರಿ ಇದ್ದವು. ಒಂದನ್ನು ‘ಎ’ ಎನ್ನುತ್ತಿದ್ದೆವು. ಸುತ್ತಲೂ ಗಾಳಿ ತಡೆಯುವ ಬಟ್ಟೆ, ಎದೆಯವರೆಗೆ ಏರಿ ಭುಜದ ಮೇಲೆ ಪಟ್ಟಿಗಳಿಂದ ನಿಲ್ಲುವಂಥದ್ದು, ಮುಂದೆ ಒಂದು ಸಣ್ಣ ಜಿಪ್ಪು. ‘ಬಿ’ ಮಾದರಿಗೆ ತೊಡೆ, ಮೊಣಕಾಲಿನ ಮುಂಭಾಗದಲ್ಲಿ ಮಾತ್ರ ಆ ಬಟ್ಟೆ, ಹಿಂದೆ ಹಿಗ್ಗುವ ಹೆಣಿಗೆ, ಸೊಂಟದಿಂದ ಪಾದದವರೆಗೆ ಎರಡೂ ಪಕ್ಕ ಉದ್ದ ಜಿಪ್ಪು. ಲ್ಯಾಬಿನ ಗಾಳಿಯಂತ್ರದ ಮುಂದೆ ‘ಎ’ ಬಂಡೆಯ ಹಾಗೆ ನಿಂತಿತು, ‘ಬಿ’ ಜಿಪ್ಪಿನ ಸಾಲಿನಲ್ಲಿ ಸ್ವಲ್ಪ ಸೋರಿತು. ಸಿಡ್ನಿಯವರಿಗೆ ಅಷ್ಟೇ ಸಾಕಾಗಿತ್ತು. ತೊಡುವವರ ಮೈಮೇಲೆ ನೋಡದೆ ಸಹಿ ಹಾಕುವುದಿಲ್ಲ ಎಂದು ನಾನು ಪಟ್ಟು ಹಿಡಿದೆ.

‘ಎ’ ಪ್ಯಾಂಟಿನ ಪರವಾಗಿ ಸಿಡ್ನಿಯಿಂದ ಬಂದವನು ಪ್ರಾಡಕ್ಟ್ ಮ್ಯಾನೇಜರ್ ಪ್ರಕಾಶ್. ಬೆಂಗಳೂರಿನ ಹುಡುಗ, ನಲವತ್ತರ ಹತ್ತಿರ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಹೆಂಡತಿ ದೀಪಾಳನ್ನು ಮೆಲ್ಬರ್ನ್‌ನ ಸ್ನೇಹಿತರ ಮನೆಯಲ್ಲಿ ಬಿಟ್ಟು ಬಂದಿದ್ದ. ಬಂದವನೇ ಕಾರಿನ ಬಗ್ಗೆ ಹೇಳಿಕೊಂಡ. “ಸಿಡ್ನಿ ಟು ಮೆಲ್ಬರ್ನ್ ಒಂದೇ ಸ್ಟಾಪ್ ಮೇಡಂ. ಪೆಟ್ರೋಲ್‌ಗೆ ಅಷ್ಟೇ. ದೀಪಾ ಸೂಪರ್, ನಿಲ್ಸಿ ಅಂತ ಒಂದ್ ಸಲನೂ ಅನ್ನಲ್ಲ.” ಒಂಬತ್ತು ಗಂಟೆಯ ದಾರಿ ಅದು. ಭೇಷ್ ಎಂದೆ.

‘ಎ’ ಪ್ಯಾಂಟನ್ನು ತೊಟ್ಟು ನೋಡಲು ಒಪ್ಪಿದವಳು ಸುವರ್ಣಾ. ಧಾರವಾಡದವಳು, ಮೆಲ್ಬರ್ನ್ ಹೊರವಲಯದ ಕ್ರಾನ್‌ಬರ್ನ್‌ನಲ್ಲಿ ಮನೆ, ಕೆಲಸ ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಯುಗಾದಿ ಊಟವೊಂದರಲ್ಲಿ ಪರಿಚಯವಾಗಿದ್ದಳು. ಚಳಿಗಾಲದಲ್ಲಿ ಬೆಟ್ಟ ನಡೆಯುವ ಹುಚ್ಚು ಅವಳಿಗೆ, ಸ್ಕೀ ಹೊಸದಾಗಿ ಕಲಿತಿದ್ದಳು. ನಾನು ‘ಬಿ’ ತೊಟ್ಟೆ, ಪ್ರಕಾಶನೂ ‘ಎ’ ತೊಟ್ಟ. ದಾರಿ ತೋರಿಸಲು ಇಯಾನ್ ಎಂಬ ಗೈಡ್. ಒಟ್ಟು ನಾಲ್ಕು ಜನ. ಬಯಲಿನ ಆಚೆ ಇರುವ ಮರದ ಗುಡಿಸಲನ್ನು ಮುಟ್ಟಿ ಮಧ್ಯಾಹ್ನವೇ ಹಿಂತಿರುಗುವುದು ನಮ್ಮ ಲೆಕ್ಕ.

ಬೆಳಗ್ಗೆ ಬಿಸಿಲಿತ್ತು. ಏರು ಹತ್ತುವಾಗ ಎಲ್ಲರೂ ಬೆವರಿದೆವು. ಅರ್ಧ ದಾರಿಯಲ್ಲಿ ನಿಂತಾಗ ಇಯಾನ್ ಫ್ಲಾಸ್ಕ್ ತೆಗೆದು ಚಹಾ ಸುರಿದ. ಪ್ರಕಾಶ್ ಎರಡು ಕಪ್ ಕುಡಿದು, ಒಂದು ಪೊದೆಯ ಹಿಂದೆ ಹೋಗಿ, ಬೆನ್ನು ತಿರುಗಿಸಿ ನಿಂತು, ಅರೆನಿಮಿಷದಲ್ಲಿ ವಾಪಸ್ ಬಂದ. ಸ್ಕೀ ಕೂಡ ಬಿಚ್ಚಿರಲಿಲ್ಲ. “ನನಗ ಬ್ಯಾಡ್ರಿ ಆಂಟಿ,” ಎಂದು ಸುವರ್ಣಾ ಕಪ್ಪನ್ನು ಹಿಂದಕ್ಕೆ ಸರಿಸಿದಳು. ಚಹಾ ಅಂದರೆ ಜೀವ ಬಿಡುವ ಧಾರವಾಡದವಳು ಬೇಡ ಅಂದಳಲ್ಲ ಎಂದು ನಾನು ಛೇಡಿಸಿದೆ. ಅವಳು ನಕ್ಕಳು.

ಗುಡಿಸಲು ಇನ್ನೇನು ಸಿಕ್ಕಿತು ಎನ್ನುವಾಗ ಹವಾಮಾನ ತಿರುಗಿಬಿತ್ತು. ಮುನ್ಸೂಚನೆ ಹೇಳಿದ್ದು ಸಂಜೆಯ ಗಾಳಿ, ಬಂದಿದ್ದು ಆಗಲೇ. ಆಕಾಶ, ನೆಲ, ಗಿಡ ಎಲ್ಲ ಒಂದೇ ಬಿಳುಪಾಗಿ, ಮುಂದೆ ಹೋಗುತ್ತಿದ್ದ ಇಯಾನ್‌ನ ಕೆಂಪು ಜಾಕೆಟ್ ಕೂಡ ಕಾಣದಾಯಿತು. ಇದನ್ನು ವೈಟ್‌ಔಟ್ ಎನ್ನುತ್ತಾರೆ. ಇಂಥದರಲ್ಲಿ ಹತ್ತು ಹೆಜ್ಜೆ ದಾರಿ ತಪ್ಪಿದರೂ ಹೆಣ ಬೇಸಿಗೆಗೆ ಸಿಗುತ್ತದೆ. ಒಬ್ಬರ ಚೀಲ ಒಬ್ಬರು ಹಿಡಿದು ಗುಡಿಸಲಿನ ಬಾಗಿಲು ಮುಟ್ಟಿದೆವು. ಇಯಾನ್ ಸ್ಯಾಟಲೈಟ್ ಸಾಧನದಲ್ಲಿ ಸಂದೇಶ ಕಳಿಸಿದ. ಗಾಳಿ ನಿಲ್ಲುವವರೆಗೆ ಯಾರೂ ಬರಲಾಗದು, ನಾವೂ ಹೋಗಲಾಗದು ಎಂದು ಉತ್ತರ ಬಂತು. ಶೌಚಾಲಯ ಗುಡಿಸಲಿನ ಹಿಂದೆ ಬೇರೆಯಾಗಿತ್ತು. ಹಗ್ಗ ಕಟ್ಟಿಕೊಳ್ಳದೆ ಯಾರೂ ಬಾಗಿಲು ದಾಟಕೂಡದು ಎಂದು ಇಯಾನ್ ಕಟ್ಟಪ್ಪಣೆ ಮಾಡಿದ.

ಒಂದೇ ಕೋಣೆ, ಒಂದು ಒಲೆ, ಒಂದು ಕಿಟಕಿ. ಕಿಟಕಿಯ ಗಾಜಿನ ಮೇಲೆ ಹಿಮ ಏರುತ್ತ ಏರುತ್ತ ಮುಚ್ಚಿಯೇ ಹೋಯಿತು. ಗಾಳಿ ತಗಡಿನ ಮಾಡನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಬಾಗಿಲು ತೆರೆಯಬಹುದು, ಹೊರಗೆ ಮಾತ್ರ ಹೋಗಲಾಗದು ಎನ್ನುವುದು ಬೀಗ ಹಾಕಿದ ಕೋಣೆಗಿಂತ ಕೆಟ್ಟದ್ದು.

ಒಲೆ ಹತ್ತಿ ನಮ್ಮ ಮೈ ಬಿಸಿಯಾಯಿತು. ಸುವರ್ಣಾಳದ್ದು ಆಗಲಿಲ್ಲ. ಮೂಲೆಯ ಬೆಂಚಿನ ಮೇಲೆ ಮುದುಡಿ ಕುಳಿತು ನಡುಗುತ್ತಿದ್ದಳು. “ಏನಿಲ್ರಿ ಆಂಟಿ, ತಲಿ ನೋಯಾಕ ಹತ್ತೇದ,” ಎಂದಳು. ಆಮೇಲೆ ಒಂದು ಸಲ ವಾಂತಿಗೆ ಬಂತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಿನ್ನ ಹೆಸರೇನು ಎಂದು ಇಯಾನ್ ಅವಳನ್ನು ಕೇಳಿದಾಗ ಉತ್ತರ ತಡವಾಗಿ, ತೊದಲುತ್ತ ಬಂತು. ಅವನ ಮುಖ ಗಂಭೀರವಾಯಿತು. ಹೈಪೋಥರ್ಮಿಯಾ, ಅಂದರೆ ದೇಹದ ಶಾಖವೇ ಕುಸಿಯುವುದು, ಹೀಗೇ ಶುರುವಾಗುತ್ತದೆ. ನಡುಗುವುದು ನಿಂತರೆ ಕಷ್ಟ ಎಂದು ನನ್ನ ಕಿವಿಯಲ್ಲಿ ಹೇಳಿದ.

ಪ್ಯಾಂಟಿನ ತೊಡೆಯಲ್ಲಿ ಗಾಳಿ ಸೋರುವುದನ್ನು ಅಳೆಯುವ ಸಣ್ಣ ಸೆನ್ಸರ್ ಹೊಲಿದಿದ್ದೆವು. ಪ್ರಕಾಶ್ ಅದರ ಅಂಕಿಯನ್ನು ಫೋನಿನಲ್ಲಿ ನೋಡಿ, “ವಿಂಡ್ ಲೀಕ್ ಝೀರೋ ಮೇಡಂ. ಪ್ಯಾಂಟ್ ಪರ್ಫೆಕ್ಟಾಗಿದೆ,” ಎಂದ. ಪಾಪ, ಸಮಾಧಾನ ಮಾಡಲೆಂದೇ ಅಂದಿದ್ದು. ಆದರೂ ನನಗೆ ರೇಗಿತು. “ಪ್ಯಾಂಟಿಗೆ ಚಳಿ ಹಿಡಿದಿಲ್ಲ ಪ್ರಕಾಶ್, ಅದನ್ನು ತೊಟ್ಟವಳಿಗೆ ಏನಾಗಿದೆ ನೋಡಿ,” ಎಂದೆ.

ಸೊಂಟದ ಬಳಿ ಕೈ ತೂರಿಸಿದೆ. ಒಳ ಉಡುಪು ಬೆವರಿನಲ್ಲಿ ತೊಯ್ದು ತಣ್ಣಗೆ ಅಂಟಿಕೊಂಡಿತ್ತು. ಗಾಳಿ ಒಳಗೆ ಬಂದಿರಲಿಲ್ಲ, ಬೆವರೂ ಹೊರಗೆ ಹೋಗಿರಲಿಲ್ಲ. ಮೊದಲು ನೀರು ಕುಡಿಸೋಣ ಎಂದು ಅವಳ ಚೀಲದಿಂದ ಬಾಟಲಿ ಎಳೆದೆ. ಕೈಗೆ ಭಾರವಾಗಿ ಬಂತು. ಬೆಳಗ್ಗೆ ನಾವು ಇಳಿದುಕೊಂಡಿದ್ದ ಲಾಡ್ಜಿನ ನಲ್ಲಿಯಲ್ಲಿ ನಾನೇ ತುಂಬಿಕೊಟ್ಟಿದ್ದು, ತುಂಬಿದ ಹಾಗೇ ಇತ್ತು. ಇಷ್ಟು ದೂರ ಬೆವರು ಹರಿಸಿಕೊಂಡು ಬಂದವಳು ಒಂದು ಗುಟುಕೂ ಕುಡಿದಿರಲಿಲ್ಲ.

“ನೀರು ಯಾಕೆ ಕುಡಿದಿಲ್ಲ ಸುವರ್ಣಾ?”

ಅವಳು ಗಂಡಸರಿಬ್ಬರ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು. “ಕುಡದ್ರ ಮತ್ತ ಹೊರಗ ಹೋಗಬೇಕಾಗ್ತದಲ್ರಿ ಆಂಟಿ. ಸ್ಕೀ ಬಿಚ್ಚಿ, ಜಾಕೆಟ್ ಬಿಚ್ಚಿ, ಈ ಪಟ್ಟಿ ಇಳಿಸಿ, ಆ ಬಯಲಾಗ ಎಲ್ಲಿ ಕೂಡ್ಲಿ? ಅದಕ್ಕ ಮುಂಜಾನಿಂದ ಬಾಯಿಗೆ ನೀರ ಹಚ್ಚಿಲ್ರಿ. ಆದ್ರೂ ಭಾಳ ಹೊತ್ತಿನಿಂದ ತಡಕೊಂಡೇನ್ರಿ.”

ನನಗೆ ಗೊತ್ತಿರದ ವಿಷಯವೇ ಇದು? ದಾವಣಗೆರೆಯಿಂದ ಬಸ್ಸು ಹತ್ತುವ ಹಿಂದಿನ ರಾತ್ರಿಯಿಂದಲೇ ನಮ್ಮಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ನೀರಿನ ಚೊಂಬು ಮುಚ್ಚಿಡುತ್ತಿದ್ದಳು. ದಾರಿಯಲ್ಲಿ ಗಂಟಲು ಒಣಗಿದರೆ ಒಂದು ಲಿಂಬೆಹುಳಿ ಪೆಪ್ಪರಮೆಂಟು, ಅಷ್ಟೇ. ನಮ್ಮ ಕಡೆ ಹೆಣ್ಣುಮಕ್ಕಳು ಪ್ರಯಾಣ ಕಲಿಯುವುದೇ ಹೀಗೆ, ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುವರ್ಣಾ ಆ ಪಾಠವನ್ನು ಹಿಮದ ಬಯಲಿಗೂ ತಂದಿದ್ದಳು, ನಾವು ಅವಳಿಗೆ ತೊಡಿಸಿದ ಪ್ಯಾಂಟು ಆ ಪಾಠವೇ ಸರಿ ಎಂದು ಸಾರಿತ್ತು. ಗುಡಿಸಲಿನೊಳಗೆ ನಾವು ನಾಲ್ವರು ಸಿಕ್ಕಿಬಿದ್ದಿದ್ದೆವು, ಅವಳು ಬೆಳಗ್ಗೆಯಿಂದಲೇ ಪ್ಯಾಂಟಿನೊಳಗೆ ಸಿಕ್ಕಿಬಿದ್ದಿದ್ದಳು.

“ನೀವಿಬ್ಬರೂ ಗೋಡೆಗೆ ಮುಖ ಮಾಡಿ ನಿಲ್ಲಿ. ಬೆಂಚಿನ ಮೇಲಿರುವ ಕಂಬಳಿಯನ್ನು ಬೆನ್ನ ಹಿಂದೆ ಪರದೆಯ ಹಾಗೆ ಹಿಡಿಯಿರಿ,” ಎಂದು ಗಂಡಸರಿಗೆ ಹೇಳಿದೆ. ಇಯಾನ್ ಏನೂ ಕೇಳದೆ ನಿಂತ. ಪ್ರಕಾಶ್ “ಏನಾಯ್ತು ಮೇಡಂ?” ಎಂದ. “ಆಮೇಲೆ ಹೇಳ್ತೀನಿ,” ಎಂದೆ. ಕಂಬಳಿಯ ಮರೆಯಲ್ಲಿ ಅವಳ ಒದ್ದೆ ಬಟ್ಟೆ ತೆಗೆಸಿ, ನನ್ನ ಚೀಲದ ಒಣ ಉಣ್ಣೆ ಉಡುಪು ಹಾಕಿಸಿ, ನಾನು ತೊಟ್ಟಿದ್ದ ‘ಬಿ’ ಪ್ಯಾಂಟನ್ನು ಅವಳಿಗೆ ಕೊಟ್ಟು ಅವಳದನ್ನು ನಾನು ಏರಿಸಿಕೊಂಡೆ. ಇಯಾನ್ ಇಬ್ಬರಿಗೂ ಹಗ್ಗ ಕಟ್ಟಿದ. ಅವಳನ್ನು ತಬ್ಬಿ ಹಿಡಿದು ಗೋಡೆ ತಡವುತ್ತ ಹಿಂದಿನ ಶೌಚಾಲಯಕ್ಕೆ ಕರೆದೊಯ್ದೆ. ಪಕ್ಕದ ಎರಡು ಜಿಪ್ಪು ಎಳೆದರೆ ಹಿಂಭಾಗ ಬಾಗಿಲಿನಂತೆ ಕೆಳಗಿಳಿಯಿತು. ಜಾಕೆಟ್ ಮೈಮೇಲೇ ಇತ್ತು, ಕೈಗವಸು ಕೂಡ ತೆಗೆಯಬೇಕಾಗಲಿಲ್ಲ.

ಒಳಗೆ ಬಂದ ಮೇಲೆ ಬಿಸಿ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಮೊದಲು ಬೇಡವೆಂದಳು. “ಎಷ್ಟು ಸಲ ಬೇಕಾದರೂ ಕರಕೊಂಡು ಹೋಗ್ತೀನಿ, ಕುಡಿ,” ಎಂದೆ. ಆಗ ಕುಡಿದಳು. ಮಾತು ನೇರವಾಗುವ ಹೊತ್ತಿಗೆ ಒಲೆಗೆ ಎರಡು ಸಲ ಸೌದೆ ಹಾಕಿದ್ದೆವು. “ಚಹಾ ಅದ ಏನ್ರಿ?” ಎಂದು ಕೇಳಿದಾಗ ನನಗೆ ಅಳು ಬಂತು. ಸಂಜೆ ‘ಎ’ ಪ್ಯಾಂಟಿನಲ್ಲಿ ನಾನೇ ಹೊರಗೆ ಹೋಗಬೇಕಾಯಿತು. ಜಾಕೆಟ್ ಬಿಚ್ಚಿ, ಮರಗಟ್ಟಿದ ಬೆರಳಲ್ಲಿ ಪಟ್ಟಿಯ ಕೊಂಡಿ ಹುಡುಕಿ, ಬರೀ ಬೆನ್ನಿಗೆ ಆ ಗಾಳಿ ತಿಂದ ಮೇಲೆ, ಲ್ಯಾಬಿನಲ್ಲಿ ವರ್ಷಗಟ್ಟಲೆ ನಾನು ಅಳೆದದ್ದರಲ್ಲಿ ಏನು ಬಿಟ್ಟುಹೋಗಿತ್ತು ಎಂದು ಗೊತ್ತಾಯಿತು. ಮರುದಿನ ಬೆಳಗ್ಗೆ ಗಾಳಿ ಇಳಿದು ನಾವು ಕೆಳಗೆ ಬಂದೆವು.

ಮುಂದಿನ ವಾರ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಸಭೆ. ನಾನು ಹಿಂದಿನ ದಿನವೇ ಹೋಗಿದ್ದೆ. ಪ್ರಕಾಶ್ ತನ್ನ ವರದಿಯನ್ನು ತೋರಿಸಿದ. ‘ಎ’ ಆಯ್ಕೆಯಾಗಲಿ, ಗುಡಿಸಲಿನಲ್ಲಿ ಆದದ್ದು ಬಳಕೆದಾರರ ತಪ್ಪು, ನೀರು ಕುಡಿಯಬೇಕಿತ್ತು ಎಂದು ಬರೆದಿದ್ದ. “ತಪ್ಪೇನಿದೆ ಮೇಡಂ? ವಾಟರ್ ಕ್ಯಾರಿ ಮಾಡಿದ್ರು, ಕುಡೀಲಿಲ್ಲ.”

ಇವನ ಜೊತೆ ವಾದ ಮಾಡುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ. “ಒಂದು ಕೆಲಸ ಮಾಡಿ,” ಎಂದೆ. “ದೀಪಾಗೆ ಫೋನ್ ಮಾಡಿ. ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವಾಗ ಅವರು ಎಷ್ಟು ನೀರು ಕುಡಿದರು, ಕೇಳಿ.”

ನಗುತ್ತಲೇ ಫೋನ್ ಮಾಡಿ ಸ್ಪೀಕರ್ ಹಾಕಿದ. ಪ್ರಶ್ನೆ ಕೇಳಿದ.

“ಕುಡಿಯಲ್ಲ ರೀ,” ಎಂದಳು ದೀಪಾ. “ಹಿಂದಿನ ದಿನ ಸಂಜೆಯಿಂದಲೇ ಕುಡಿಯಲ್ಲ. ನೀವು ಒಂದೇ ಸ್ಟಾಪ್ ಅಂತ ಎಲ್ಲರ ಹತ್ರ ಹೇಳ್ಕೋತೀರಲ್ಲ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಇವತ್ತು ಕೇಳಿದ್ರಾ?”

ಪ್ರಕಾಶ್ ಸ್ಪೀಕರ್ ಆಫ್ ಮಾಡಿ, ಫೋನ್ ಹಿಡಿದು ಕಾರಿಡಾರಿಗೆ ಹೋದ. ಬಹಳ ಹೊತ್ತಿನ ಮೇಲೆ ಬಂದು, ವರದಿಯಿಂದ ‘ಬಳಕೆದಾರರ ತಪ್ಪು’ ಎಂಬ ಸಾಲನ್ನು ಅಳಿಸಿದ.

ಸಭೆಯಲ್ಲಿ ನಾನು ಮಾತಾಡುವ ಪ್ರಮೇಯವೇ ಬರಲಿಲ್ಲ. ಪ್ರಕಾಶನೇ ಎದ್ದು, ‘ಎ’ ಪ್ಯಾಂಟು ಗಾಳಿಯನ್ನು ತಡೆಯುತ್ತದೆ, ತೊಟ್ಟ ಹೆಂಗಸಿನ ನೀರನ್ನೂ ತಡೆಯುತ್ತದೆ ಎಂದ. ನನ್ನನ್ನು ಬಿಟ್ಟರೆ ಮೇಜಿನ ಸುತ್ತ ಇದ್ದವರೆಲ್ಲ ಗಂಡಸರೇ. ಜಿಪ್ಪಿನ ಮೇಲೆ ಒಂದು ಮುಚ್ಚುಪಟ್ಟಿ ಹೊಲಿದು ‘ಬಿ’ ಮಾದರಿಯನ್ನೇ ತಯಾರಿಸುವುದೆಂದು ತೀರ್ಮಾನವಾಯಿತು. ಪ್ರಕಾಶನ ಕಾರು ಈಗ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ದೀಪಾಳೇ ಹೇಳುತ್ತಾಳಂತೆ.

ನಿವೃತ್ತಿಯಾದ ಮೇಲೂ ಚಳಿಗಾಲ ಬಂತೆಂದರೆ, ಯಾವ ವಿಂಡ್‌ಪ್ರೂಫ್ ಪ್ಯಾಂಟು ತಗೊಳ್ಳೋದು ಆಂಟಿ ಎಂದು ಯಾರಾದರೂ ಕೇಳುತ್ತಾರೆ. ಮುಂದೆ ಗಾಳಿ ತಡೆಯಲಿ, ಹಿಂದೆ ಉಸಿರಾಡಲಿ ಎನ್ನುತ್ತೇನೆ. ಬೂಟು, ಜಾಕೆಟ್, ಕೈಗವಸು ಹಾಕಿಕೊಂಡೇ ಅಂಗಡಿಯ ಟ್ರಯಲ್ ರೂಮಿಗೆ ಹೋಗಿ, ಅದನ್ನು ಇಳಿಸಿ ಕೂತು ನೋಡಿ ಎನ್ನುತ್ತೇನೆ. ಹಾಕಿಕೊಳ್ಳುವುದು ಹೇಗೆಂದು ಎಲ್ಲರೂ ನೋಡುತ್ತಾರೆ, ಬಿಚ್ಚುವುದು ಹೇಗೆಂದು ನೋಡಿಯೇ ಕೊಳ್ಳಬೇಕು. ನನ್ನ ವೃತ್ತಿ ನನಗೆ ಕಲಿಸಿದ್ದು ಇದು, ಪ್ಯಾಂಟಿಗಷ್ಟೇ ಅಲ್ಲ.

ಮರುವರ್ಷದ ಜುಲೈಯಲ್ಲಿ ಸುವರ್ಣಾ ಹೊಸ ‘ಬಿ’ ಪ್ಯಾಂಟು ತೊಟ್ಟು ಅದೇ ಬಯಲಿಗೆ ಬಂದಳು. ನನಗೆ ಭಯವಿತ್ತು, ಅವಳಿಗೆ ಇರಲಿಲ್ಲ. ಅರ್ಧ ದಾರಿಯಲ್ಲಿ, ಹಿಂದಿನ ಸಲ ಚಹಾ ಬೇಡವೆಂದ ಜಾಗದಲ್ಲೇ ನಿಂತು, ನನ್ನ ಕಡೆ ಕೈ ಚಾಚಿದಳು.

“ಆಂಟಿ, ನಿಮ್ಮ ಬಾಟ್ಲ್ಯಾಗ ನೀರ ಅದ ಏನ್ರಿ? ನಂದು ಖಾಲಿ ಆತು.”