ಮುನಿರಾಜು ನಮ್ಮವನೇ

ಗೆಳೆಯರೇ, ಫುಟ್‌ಬಾಲ್ ಲೀಗ್ ಶುರುವಾಗುವ ಮೊದಲೇ ನಮ್ಮ ಮುನಿರಾಜುವಿನ ಕಾಲು ಮುರಿಯಿತು. ಇವತ್ತು ಬೆಳಗ್ಗೆ ರಾಜಾಜಿನಗರದ ಬಯಲಿನಲ್ಲಿ ಅಭ್ಯಾಸದ ಆಟ ನಡೆದಿತ್ತು. ಆ ಬಯಲನ್ನು ಸೈಟು ಮಾಡುತ್ತಿದ್ದಾರೆ. ಹುಲ್ಲಿನ ನಡುವೆ ಅಲ್ಲಲ್ಲಿ ಕಲ್ಲು ನೆಟ್ಟಿದ್ದಾರೆ. ಚೆಂಡಿನ ಹಿಂದೆ ಬರಿಗಾಲಲ್ಲಿ ಓಡಿಬಂದವನು ಒಂದು ಕಲ್ಲಿಗೆ ಎಡವಿ ಬಿದ್ದ.

ಅಂಚಿನಲ್ಲಿ ಕೂತು ನೋಡುತ್ತಿದ್ದ, ಟೀಮಿನ ಅಭಿಮಾನಿಗಳಾದ ನಾವು ಯಾರೂ ಏಳಲಿಲ್ಲ. ಅವನಿಗೆ ಮಿಲ್ಲಿನ ಟೀಮಿನಿಂದ ಕರೆ ಬಂದಿತ್ತು, ಆಡಿದರೆ ಕೆಲಸವೂ ಕೊಡುತ್ತಾರಂತೆ. ನಮ್ಮ ಟೀಮು ಬಿಟ್ಟು ಹೋಗುತ್ತಾನೆಂಬ ಸಿಟ್ಟು ಎಲ್ಲರಿಗೂ ಇತ್ತು.

"ನಾಟಕ ಕಣೋ," ಎಂದರು ನಮ್ಮಲ್ಲಿ ಹಿರಿಯರಾದ ರಂಗಣ್ಣ. "ಈಚೆಗೆ ಒಂದು ಗೋಲೂ ಹೊಡ್ದಿಲ್ಲ. ಮನಸ್ಸೆಲ್ಲಾ ಮಿಲ್ಲಲ್ಲೈತೆ. ಇವನನ್ನ ಟೀಮಿಂದ ತೆಗೀಬೇಕು."

"ತೆಗೆದ್ರೆ ಅವನ ಜಾಗದಲ್ಲಿ ಲೆಫ್ಟ್ ಔಟ್ ಯಾರು ಆಡ್ತಾರೆ?" ಎಂದೆ ನಾನು.

ಹೆಸರುಗಳ ಮೇಲೆ ಜಗಳ ಏರುತ್ತಿದ್ದಾಗ ಗೋಲ್‌ಕೀಪರ್ ಕೂಗಿದ, "ಅಯ್ಯೋ, ಮೂಳೆ ಕಾಣ್ತಾ ಐತೆ!"

ಜಟಕಾದಲ್ಲಿ ಆಸ್ಪತ್ರೆಗೆ ಒಯ್ದೆವು. "ನಡೆದ್ರೆ ಸಾಕು ಅನ್ಕೊಳ್ಳಿ. ಆಟ ಮರೆತುಬಿಡಿ" ಎಂದರು ಡಾಕ್ಟರು. ಮುನಿರಾಜು ಗೋಡೆಯ ಕಡೆ ಮುಖ ತಿರುಗಿಸಿ, "ಮಿಲ್ಲಿನವರಿಗೆ ಹೇಳ್ಬೇಡಿ ಅಣ್ಣಾ" ಎಂದ.

ರಂಗಣ್ಣನವರ ಚಿಂತೆ ತೀರಿತು. ಅವನಿನ್ನು ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.