ಒಂದು ಬೆರಳಷ್ಟು ಮುಂದೆ

ಅಳತೆ ಟೇಪಿನ ತುದಿ ಕ್ಯಾಮೆರಾದ ಕೊಕ್ಕೆಯಲ್ಲಿತ್ತು. ಅದನ್ನು ಎಳೆದುಕೊಂಡು ಬಂದ ತಂಗಿಯ ಕೈ ಅಕ್ಕನ ಎಡಗಣ್ಣಿನ ಪಕ್ಕದಲ್ಲಿ ನಿಂತಿತು.

“ಅಲುಗಾಡಬೇಡ ಅಕ್ಕ. ಗೊಂಬೆ ಥರ ಕೂತ್ಕೋ.”

“ಗೊಂಬೆಗೆ ಇಷ್ಟು ಸುಕ್ಕು ಇರತ್ತೇನೇ?”

“ಸುಕ್ಕಿಗೇ ನಿನ್ನ ಕೂರಿಸಿರೋದು. ಫೋಕಸ್ ಬೇಗ ಗೊತ್ತಾಗತ್ತೆ.”

ಸಿನಿಮಾದವರಿಗೆ ಲೆನ್ಸ್ ಬಾಡಿಗೆಗೆ ಕೊಡುವ ಕಂಪನಿಯೊಂದರ ಕಿಟಕಿಯಿಲ್ಲದ ಕೋಣೆಯಲ್ಲಿ ಅಕ್ಕನ ಕೆಲಸ. ಗೋಡೆಯ ಚಾರ್ಟಿನಲ್ಲಿ ಕಪ್ಪು ಗೆರೆಗಳು ಬರಬರುತ್ತ ಒತ್ತೊತ್ತಾಗುತ್ತವೆ. ಎಲ್ಲಿಯವರೆಗೆ ಬಿಡಿಬಿಡಿಯಾಗಿ ಕಾಣುತ್ತವೋ ಅಲ್ಲಿಯವರೆಗೆ ಆ ಲೆನ್ಸಿನ ಯೋಗ್ಯತೆ. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳೂ ಈ ಗೆರೆಗಳನ್ನು ಓದಲು ಕಲಿಸಿದವಳೂ ಅವಳೇ. ರೆಕ್ಕೆ ಬಲಿತ ತಂಗಿ ಸೆಟ್ಟಿನಲ್ಲಿ ಫೋಕಸ್ ಹಿಡಿಯುವ ಕೆಲಸಕ್ಕೆ ಸೇರಿದಳು. ಈಗ ಶೂಟಿಂಗ್ ಇದ್ದಲ್ಲೇ ಊಟ, ನಿದ್ದೆ. ಹೊರಡುವ ಮುನ್ನ ಲೆನ್ಸ್ ಪರೀಕ್ಷಿಸಲು ಬರುವ ದಿನ ಮಾತ್ರ ಅಕ್ಕನ ಕಣ್ಣಿಗೆ ಬೀಳುತ್ತಾಳೆ. ಆ ದಿನ ಅಕ್ಕನ ಮನೆಯಲ್ಲಿ ಎರಡನೇ ಹಾಸಿಗೆಗೆ ಒಗೆದ ಹೊದಿಕೆ ಬಿದ್ದಿರುತ್ತದೆ. ಮಲಗಬೇಕಾದವಳು ಸಂಜೆಗೇ ವ್ಯಾನು ಹತ್ತಿರುತ್ತಾಳೆ.

ತಂಗಿ ಟೇಪು ಸುತ್ತಿ ಕ್ಯಾಮೆರಾ ಹಿಂದೆ ಹೋದಳು. ಅಳೆದಷ್ಟು ದೂರಕ್ಕೆ ಲೆನ್ಸ್ ತಿರುಗಿಸಿ ಚಿತ್ರ ತೆಗೆದು, ಪರದೆಯ ಮೇಲೆ ಮುಖವನ್ನು ದೊಡ್ಡದು ಮಾಡಿದವಳು ಹುಬ್ಬು ಗಂಟಿಕ್ಕಿದಳು.

“ಕಣ್ಣು ಮಂಕಾಗಿದೆ. ಕಿವಿಯೋಲೆ ನೋಡು, ಹರಳು ಎಣಿಸಬಹುದು. ಈ ಲೆನ್ಸು ಹಿಂದಕ್ಕೆ ಹಿಡೀತಿದೆ. ಬಿಚ್ಚಿ ಸರಿಮಾಡಬೇಕಾ?”

“ಬಿಚ್ಚಿದ್ರೆ ನಾಳೆವರೆಗೂ ಆಗತ್ತೆ.”

“ಹಾಗಾದ್ರೆ ಉಳಿದವರು ಹೋಗ್ಲಿ. ನಾನು ಇವತ್ತು ನಿನ್ನ ಮನೇಲೇ ಬಿದ್ಕೋತೀನಿ. ಗೊರಕೆ ಹೊಡೀಬೇಡ ಮತ್ತೆ.”

ಅಕ್ಕ ಎದ್ದು ಬಂದು ಪರದೆ ನೋಡಿದಳು. ಅದೇ ಲೆನ್ಸನ್ನು ಬೆಳಿಗ್ಗೆ ಚಾರ್ಟಿಗೆ ಹಿಡಿದಿದ್ದಳು; ಕೊನೆಯ ಗೆರೆಯೂ ಬಿಡಿಯಾಗಿ ಕಂಡಿತ್ತು. ಟೇಪು ಹಿಡಿದ ಕೈ ಮುಖದಿಂದ ದೂರ ಸರಿದಾಗ ತನ್ನ ಮುಖವೂ ಅದರ ಹಿಂದೆಯೇ ಒಂದು ಬೆರಳಷ್ಟು ಮುಂದೆ ಹೋಗಿತ್ತು. ಕಣ್ಣಿದ್ದ ಜಾಗಕ್ಕೆ ಕಿವಿ ಬಂದಿತ್ತು, ಅಷ್ಟೇ. ಬಾಯಿ ಮುಚ್ಚಿಕೊಂಡಿದ್ದರೆ ಒಂದು ರಾತ್ರಿ ಸಿಗುತ್ತಿತ್ತು. ಆದರೆ ಸರಿಯಿರುವ ಲೆನ್ಸನ್ನು ಬಿಚ್ಚಿದರೆ ಕೆಡುತ್ತದೆ. ಕೆಟ್ಟದ್ದನ್ನು ಹಿಡಿದು ಸೆಟ್ಟಿನಲ್ಲಿ ಬೈಸಿಕೊಳ್ಳುವವಳು ತಂಗಿ.

“ಲೆನ್ಸು ಸರಿಯಿದೆ ಕಣೇ. ಬಾಗಿದ್ದು ನಾನು.”

“ಯಾಕೆ?”

“ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಅಳತೆ ತಗೋ.”

ತಂಗಿ ಮತ್ತೆ ಟೇಪು ಎಳೆದುಕೊಂಡು ಬಂದಳು. ಈ ಸಲ ಕೈ ತೆಗೆಯಲು ತುಸು ತಡಮಾಡಿದಳು. ಚಿತ್ರದಲ್ಲಿ ರೆಪ್ಪೆಯ ಕೂದಲು ಒಂದೊಂದೂ ಕಂಡಿತು.

ಸಂಜೆ ವ್ಯಾನು ಹೊರಟಿತು. ಶೂಟಿಂಗ್ ಮುಗಿದ ಮೇಲೆ ಲೆನ್ಸುಗಳು ವಾಪಸು ಬರುತ್ತವೆ. ತಂದುಕೊಡುವವನು ಡ್ರೈವರ್.